ಮೊದಲ ಕಾರ್ನ್ ಸ್ನೇಕ್: ಆರಿಸುವುದು, ಕೈಗೆತ್ತಿಕೊಳ್ಳುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ನಾರ್ತ್ ಕೆರೊಲಿನಾದಲ್ಲಿ. ಕಾರ್ನ್ ಸ್ನೇಕ್ ಇಲ್ಲಿನ ಕಾಡುಮೇಡಿನದೇ ಹಾವು, ಸಾಕುವವರೂ ಬಹಳ. ಹೀಗಾಗಿ ಅಮೆರಿಕದ ಬೇರೆ ಬೇರೆ ಊರುಗಳ ಕನ್ನಡದ ಮನೆಗಳಿಂದ ನನಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಹೆಚ್ಚಿನವು ಮಕ್ಕಳ ಹಟದಿಂದ ಹುಟ್ಟಿದವು. ಕೆಲವು ಮಾತ್ರ, ಹಾವು ಮನೆಗೆ ಬಂದು ಎರಡು ದಿನವಾದ ಮೇಲೆ ಗಾಬರಿಯಲ್ಲಿ ಕೇಳಿದವು. ದುಡ್ಡು ಕೊಡುವ ಮೊದಲೇ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ. ನಾನು ಎಲ್ಲರಿಗೂ ಒತ್ತಿ ಹೇಳುವುದು ಎರಡೇ ಮಾತು. ಬಣ್ಣಕ್ಕಿಂತ ಮೊದಲು ಹಾವು ಊಟ ಮಾಡಿದ ದಾಖಲೆ ನೋಡಿ. ಮನೆಗೆ ತಂದ ಮೇಲೆ ಅದಕ್ಕೆ ಪುರುಸೊತ್ತು ಕೊಡಿ.

ಕಾರ್ನ್ ಸ್ನೇಕ್ ಅಂದರೆ ಎಂಥ ಹಾವು? ವಿಷ ಇದೆಯಾ?

ವಿಷವಿಲ್ಲ. ಇದು ಅಮೆರಿಕದ ಆಗ್ನೇಯ ಭಾಗದ ಹಾವು. ಉತ್ತರದಲ್ಲಿ ನ್ಯೂಜೆರ್ಸಿಯಿಂದ ಹಿಡಿದು ದಕ್ಷಿಣದ ತುದಿಯ ಫ್ಲಾರಿಡಾ ಕೀಸ್ ದ್ವೀಪಗಳವರೆಗೆ, ಪಶ್ಚಿಮಕ್ಕೆ ಲೂಸಿಯಾನಾದವರೆಗೆ ಸಿಗುತ್ತದೆ. ವೈಜ್ಞಾನಿಕ ಹೆಸರು ಪ್ಯಾಂಥೆರೋಫಿಸ್ ಗಟ್ಟೇಟಸ್. ನಮ್ಮ ಕೇರೆಹಾವಿನ ಹಾಗೆ ಇದೂ ಕೊಲುಬ್ರಿಡೆ ಕುಟುಂಬದ್ದು, ಇದರ ಮುಖ್ಯ ಆಹಾರವೂ ಇಲಿ. ಇಲಿಯನ್ನು ಸುತ್ತಿ ಬಿಗಿದು ಕೊಂದು ಇಡಿಯಾಗಿ ನುಂಗುತ್ತದೆ.

ಕಿತ್ತಳೆ ಅಥವಾ ಕಂದು ಮೈ, ಅದರ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು, ಹೊಟ್ಟೆಯಡಿ ಕಪ್ಪು ಬಿಳುಪು ಚೌಕುಳಿ. ಬೆಳೆದ ಹಾವು ಸಾಮಾನ್ಯವಾಗಿ 3ರಿಂದ 5 ಅಡಿ ಉದ್ದ. ಸರಿಯಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ, ಅದನ್ನು ಮೀರಿದವೂ ಇವೆ. ಇವತ್ತು ಹಾವು ಬೇಕೆಂದು ಅಳುವ 9 ವರ್ಷದ ಮಗ ಕಾಲೇಜಿಗೆ ಹೋದ ಮೇಲೆ ಅದರ ನೀರು ಬದಲಿಸುವವರು ನೀವೇ. ಅದಕ್ಕೆ ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ ಮುಂದುವರಿಯಿರಿ.

ಹಿತ್ತಲಿನಲ್ಲೇ ಒಂದು ಕಂಡಿತು. ಅದನ್ನೇ ಹಿಡಿದು ಸಾಕಬಹುದಾ?

ಬೇಡ. ಮೊದಲನೆಯದಾಗಿ, ಅದು ಕಾರ್ನ್ ಸ್ನೇಕೇ ಎಂದು ನಿಮಗೆ ಖಾತ್ರಿ ಇರುವುದಿಲ್ಲ. ಇದೇ ಸೀಮೆಯಲ್ಲಿ ಕಾಪರ್‌ಹೆಡ್ ಎಂಬ ವಿಷದ ಹಾವಿದೆ, ಬಣ್ಣ ಹತ್ತಿರ ಹತ್ತಿರ ಒಂದೇ. ಕಾಪರ್‌ಹೆಡ್ ಮೈಮೇಲಿನ ಪಟ್ಟೆಗಳು ಬೆನ್ನಿನ ಮೇಲೆ ಕಿರಿದಾಗಿ ಪಕ್ಕಗಳಲ್ಲಿ ಅಗಲವಾಗುತ್ತವೆ, ಕಾರ್ನ್ ಸ್ನೇಕಿನವು ಬೆನ್ನಿನ ಮೇಲೆ ಬಿಡಿಬಿಡಿ ಮಚ್ಚೆಗಳು. ಈ ಗೊಂದಲದಲ್ಲೇ ಎಷ್ಟೋ ಕಾರ್ನ್ ಸ್ನೇಕ್‌ಗಳು ಸಲಿಕೆಯ ಏಟಿಗೆ ಸಾಯುತ್ತವೆ, ಅದು ನೋಡಿ ಸಂಕಟವಾಗುತ್ತದೆ.

ಎರಡನೆಯದಾಗಿ, ಕಾಡಿನ ಹಾವಿನ ಮೈಯಲ್ಲಿ ಪರೋಪಜೀವಿಗಳಿರುವ ಸಂಭವ ಹೆಚ್ಚು. ಪೆಟ್ಟಿಗೆಯೊಳಗೆ ಅದು ಊಟ ಬಿಡಬಹುದು. ಮೂರನೆಯದು ಕಾನೂನು. ಜಾರ್ಜಿಯಾದಲ್ಲಿ ಆ ರಾಜ್ಯದ್ದೇ ಆದ ವಿಷವಿಲ್ಲದ ಹಾವುಗಳನ್ನು ಸಾಕುವಂತಿಲ್ಲ, ಕಾರ್ನ್ ಸ್ನೇಕ್ ಅವುಗಳಲ್ಲೊಂದು. ನ್ಯೂಜೆರ್ಸಿಯಲ್ಲಿ ಇದು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಜಾರ್ಜಿಯಾದ ಅಟ್ಲಾಂಟಾ ಅಥವಾ ನ್ಯೂಜೆರ್ಸಿಯ ಎಡಿಸನ್ ಕಡೆಯವರು ಅಂಗಡಿಯವನ ಬಾಯಿಮಾತು ನಂಬದೆ ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಗೇ ಫೋನ್ ಮಾಡಿ. ಬಾಡಿಗೆ ಮನೆಯಾದರೆ ಲೀಸ್ ಕರಾರನ್ನೂ ಒಮ್ಮೆ ಓದಿ.

ಬೆಂಗಳೂರಿನಲ್ಲಿರುವ ನನ್ನ ತಮ್ಮನೂ ಕೇಳುತ್ತಿದ್ದಾನೆ. ಅಲ್ಲಿ ಸಾಕಬಹುದಾ?

ನಾಗರಹಾವು, ಕೇರೆಹಾವು, ಹೆಬ್ಬಾವು ಮುಂತಾದ ನಮ್ಮ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಹಿಡಿಯುವುದು, ಸಾಕುವುದು ಅಪರಾಧ. ಕಾರ್ನ್ ಸ್ನೇಕ್ ಹೊರದೇಶದ್ದು, ಅದನ್ನು ತರಿಸಲು ಪರವಾನಗಿ ಬೇಕು. ಬ್ಯಾಂಕಾಕ್‌ನಿಂದ ಬರುವ ಪ್ರಯಾಣಿಕರ ಬ್ಯಾಗುಗಳಲ್ಲಿ ಹಾವಿನ ಮರಿಗಳನ್ನು ಬಚ್ಚಿಟ್ಟು ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಗಾಳಿ, ನೀರಿಲ್ಲದೆ ಅವುಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಕಂಡ ಮಾರಾಟಗಾರನ ಹತ್ತಿರ ಕಾಗದಪತ್ರ ಇಲ್ಲದಿದ್ದರೆ ಆ ಹಾವು ಹೇಗೆ ಬಂತು ಎಂದು ಊಹಿಸಿಕೊಳ್ಳಬಹುದು. ತಮ್ಮನಿಗೆ ಬೇಡ ಅನ್ನಿ.

ಮಗುವಿಗೆ ಎಷ್ಟು ವಯಸ್ಸಾಗಿರಬೇಕು?

ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲೂ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. 5 ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗೆ ಸರೀಸೃಪ ಬೇಡ ಎಂಬುದು ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆ. ವರ್ಷಕ್ಕೆ ಆರು ತಿಂಗಳು ಊರಿನಿಂದ ಅಪ್ಪ ಅಮ್ಮ ಬಂದಿರುವ ಮನೆಗಳಲ್ಲಿ ಇದನ್ನು ಗಂಭೀರವಾಗಿ ಯೋಚಿಸಬೇಕು.

ಮಿಕ್ಕವರಿಗೆ ನಿಯಮ ಸರಳ. ಮುಟ್ಟುವ ಮೊದಲು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಹಾವಿಗೆ ಮುತ್ತು ಕೊಡಬಾರದು. ಅದರ ನೀರಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ನನ್ನ ಅಭಿಪ್ರಾಯ ಕೇಳಿದರೆ, ಎಂಟು ವರ್ಷದ ಮಗು ದೊಡ್ಡವರ ಪಕ್ಕ ಕೂತು ಹಾವು ಹಿಡಿಯಬಹುದು. ಒಬ್ಬರೇ ಪೆಟ್ಟಿಗೆ ತೆರೆಯುವ ಸ್ವಾತಂತ್ರ್ಯ ಹನ್ನೆರಡು ದಾಟಿದ ಮೇಲೆ ಸಾಕು.

ನಾವು ಸಸ್ಯಾಹಾರಿಗಳು. ಹಾಲು, ಮೊಟ್ಟೆಯಲ್ಲಿ ನಡೆಯುತ್ತದಾ?

ನಡೆಯುವುದಿಲ್ಲ. ಹಾಲು ಹಾವಿನ ಆಹಾರವಲ್ಲ. ಹಾವಿನ ದೇಹಕ್ಕೆ ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿ ಇಲ್ಲ. ಕಾರ್ನ್ ಸ್ನೇಕಿಗೆ ಬೇಕಿರುವುದು ಇಡೀ ಇಲಿ, ಮೂಳೆ, ಕರುಳು, ಎಲ್ಲ ಸೇರಿ. ಬದಲಿ ಇಲ್ಲ.

ಇಲಿಗಳು ಫ್ರೀಜ್ ಆಗಿ ಪ್ಯಾಕೆಟ್ಟಿನಲ್ಲಿ ಬರುತ್ತವೆ. ಅದಕ್ಕೆಂದೇ ಗ್ಯಾರೇಜಿನಲ್ಲಿ ಪುಟ್ಟ ಫ್ರೀಜರ್ ಇಟ್ಟುಕೊಂಡ ಮನೆಗಳನ್ನು ಬಲ್ಲೆ, ಅಲ್ಲಿ ಎಲ್ಲ ಸುಸೂತ್ರವಾಗಿ ನಡೆದಿದೆ. ಆದರೆ ಮನೆಯಲ್ಲಿ ಒಬ್ಬರಿಗಾದರೂ ಅದು ನಿಜಕ್ಕೂ ಒಗ್ಗುವುದಿಲ್ಲವೆಂದರೆ ಹಾವು ತರಬೇಡಿ. ಅರ್ಧ ಮನಸ್ಸಿನಿಂದ ಸಾಕಿದಾಗ ಊಟ ತಪ್ಪುವುದು ಹಾವಿಗೆ. ಮಗುವಿಗೆ ಸರೀಸೃಪವೇ ಬೇಕೆಂದಿದ್ದರೆ ಕ್ರೆಸ್ಟೆಡ್ ಗೆಕೊ ಎಂಬ ಹಲ್ಲಿಯನ್ನು ನೋಡಿ. ಹಣ್ಣಿನ ಪುಡಿಯ ಸಿದ್ಧ ಆಹಾರವನ್ನು ನೀರಿನಲ್ಲಿ ಕಲಸಿ ಕೊಡಬಹುದು. ಕೆಲವು ಪುಡಿಗಳಲ್ಲಿ ಹುಳುವಿನ ಅಂಶ ಇರುತ್ತದೆ, ಲೇಬಲ್ ಓದಿಕೊಳ್ಳಿ.

ನಮ್ಮದು ನಾಗನಿಗೆ ತನು ಎರೆಯುವ ಮನೆತನ. ಅತ್ತೆ ಒಪ್ಪುತ್ತಿಲ್ಲ.

ಹಾಗಾದರೆ ಅವರ ಜೊತೆ ಕೂತು ಮಾತಾಡಿ, ಅವರಿಗೆ ಹೇಳದೆ ತಂದಿಡಬೇಡಿ. ಹಾವನ್ನು ಗೌರವಿಸುವವರಿಗೆ ಅದನ್ನು ಪೆಟ್ಟಿಗೆಯಲ್ಲಿಡುವುದು ಕಷ್ಟವಾಗುವುದು ಸಹಜ, ಆ ನೋವು ಸುಳ್ಳಲ್ಲ. ಸಾಕಿದವರ ಮನೆಯಲ್ಲೇ ತಲೆಮಾರುಗಳಿಂದ ಹುಟ್ಟಿ ಬೆಳೆದ ಹಾವು ಇದು, ಕಾಡಿನಿಂದ ತಂದದ್ದಲ್ಲ ಎಂದು ವಿವರಿಸಿದಾಗ ಕೆಲವು ಹಿರಿಯರು ಒಪ್ಪಿದ್ದಾರೆ. ಒಪ್ಪದವರೂ ಇದ್ದಾರೆ. ಆಗ ಹಾವು ಬೇಡ.

ಎಲ್ಲಿ ಕೊಳ್ಳುವುದು ಒಳ್ಳೆಯದು?

ನನ್ನ ಮೊದಲ ಆಯ್ಕೆ, ಕಾರ್ನ್ ಸ್ನೇಕ್‌ಗಳನ್ನೇ ಮುಖ್ಯವಾಗಿ ಮರಿ ಮಾಡಿಸುವ ಬ್ರೀಡರ್. ಮರಿ ಯಾವ ದಿನ ಹುಟ್ಟಿತು, ತಂದೆ ತಾಯಿ ಯಾವುವು, ಎಷ್ಟು ಸಲ ಏನು ತಿಂದಿದೆ ಎಂಬುದನ್ನು ಅವರು ಬರೆದಿಟ್ಟಿರುತ್ತಾರೆ. ಎರಡನೆಯದು, ಸರೀಸೃಪ ಪ್ರೇಮಿಗಳ ಸಂಘಗಳು ಮತ್ತು ರೆಸ್ಕ್ಯೂ ಕೇಂದ್ರಗಳು. ಮನೆ ಬದಲಿಸಿದವರು, ಕಾಲೇಜಿಗೆ ಹೋದವರು ಬಿಟ್ಟುಹೋದ ಒಳ್ಳೆಯ ಹಾವುಗಳು ಅಲ್ಲಿ ಕಾದಿರುತ್ತವೆ. ಸರೀಸೃಪಗಳ ಮಾರಾಟ ಮೇಳವಾದ ರೆಪ್ಟೈಲ್ ಎಕ್ಸ್‌ಪೋದಲ್ಲೂ ಕೊಳ್ಳಬಹುದು, ಆದರೆ ಅಲ್ಲಿನ ಗದ್ದಲದಲ್ಲಿ ಪುಟ್ಟ ಡಬ್ಬಿಯೊಳಗಿನ ಹಾವಿನ ನಿಜವಾದ ಸ್ವಭಾವ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೋಡಿ, ಕಾರ್ಡ್ ಇಸಿದುಕೊಂಡು ಬನ್ನಿ, ವಾರದ ಮೇಲೆ ಫೋನ್ ಮಾಡಿ. ದೊಡ್ಡ ಪೆಟ್ ಅಂಗಡಿ ನನ್ನ ಪಟ್ಟಿಯಲ್ಲಿ ಕೊನೆಯದು. ಅಲ್ಲಿನ ಹಾವುಗಳೆಲ್ಲ ಕೆಟ್ಟವೆಂದಲ್ಲ, ಅವುಗಳ ಹಿನ್ನೆಲೆ ಹೇಳುವವರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ.

ದೂರದಿಂದ ತರಿಸುವುದಾದರೆ ಅಮೆರಿಕದ ಅಂಚೆ ಇಲಾಖೆ ಹಾವುಗಳನ್ನು ಒಯ್ಯುವುದಿಲ್ಲ. ರಾತ್ರಿ ಕಳಿಸಿ ಬೆಳಿಗ್ಗೆ ತಲುಪಿಸುವ ಖಾಸಗಿ ಕೊರಿಯರ್‌ನಲ್ಲಿ, ಹವೆ ಹದವಾಗಿರುವ ತಿಂಗಳುಗಳಲ್ಲಿ ತರಿಸಬೇಕು.

ಮರಿಯಿಂದಲೇ ಸಾಕಿದರೆ ಹೊಂದಿಕೊಳ್ಳುತ್ತದೆ ಅಲ್ಲವಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಈಗಷ್ಟೇ ಹುಟ್ಟಿದ ಮರಿ ಪೆನ್ಸಿಲ್ ದಪ್ಪ, ಸುಮಾರು 8ರಿಂದ 12 ಅಂಗುಲ ಉದ್ದ. ಕಾಡಿನಲ್ಲಿ ಹಕ್ಕಿ, ಕಪ್ಪೆ, ಬೇರೆ ಹಾವು, ಎಲ್ಲದಕ್ಕೂ ಅದು ತುತ್ತು. ಹಾಗಾಗಿ ಮೇಲಿನಿಂದ ಬರುವ ಕೈ ಅದಕ್ಕೆ ಸಾವಿನಂತೆಯೇ ಕಾಣುತ್ತದೆ. ಓಡುತ್ತದೆ, ಬಾಲ ನಡುಗಿಸುತ್ತದೆ, ಕಚ್ಚಲು ಬರುತ್ತದೆ. ಕೆಲವು ಮರಿಗಳು ಮೊದಲ ಊಟಕ್ಕೇ ಸತಾಯಿಸುತ್ತವೆ.

ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಒಂದು ವರ್ಷದ ಹಾವು, ಇಲ್ಲವೆ ಬೆಳೆದ ಹಾವು. ಅದರ ಗುಣ ಆಗಲೇ ಗೊತ್ತಾಗಿರುತ್ತದೆ, ಮೈ ಗಟ್ಟಿಯಾಗಿರುತ್ತದೆ, ಒಂದು ಊಟ ತಪ್ಪಿದರೂ ತಡೆದುಕೊಳ್ಳುತ್ತದೆ. ಮರಿಯೇ ಬೇಕೆಂದರೆ ಸಮಯ ನೋಡಿ ಕೊಳ್ಳಿ. ಮೊಟ್ಟೆಗಳು ಸುಮಾರು ಎರಡು ತಿಂಗಳಲ್ಲಿ ಒಡೆದು ಬೇಸಿಗೆಯ ಕೊನೆಗೆ ಮರಿಗಳು ಬರುತ್ತವೆ. ಆಗಲೇ ಓಡಿಹೋಗಿ ತರುವ ಬದಲು ಡಿಸೆಂಬರ್, ಜನವರಿವರೆಗೆ ಕಾದರೆ ಹತ್ತಾರು ಊಟ ಮುಗಿಸಿದ ಮರಿ ಸಿಗುತ್ತದೆ.

ಆರಿಸುವಾಗ ಏನೇನು ನೋಡಬೇಕು?

ಇದು ಈ ಪುಟದ ಅತಿ ಮುಖ್ಯ ಪ್ರಶ್ನೆ, ನಿಧಾನವಾಗಿ ಓದಿ.

ಮೊದಲು ಊಟದ ದಾಖಲೆ ಕೇಳಿ. ಫ್ರೀಜರಿನ ಇಲಿಯನ್ನು, ಬೇರೆ ಯಾವ ವಾಸನೆಯನ್ನೂ ಹಚ್ಚದೆ ಕೊಟ್ಟಾಗ, ಕನಿಷ್ಠ ಐದಾರು ಸಲ ಬಿಡದೆ ತಿಂದಿರಬೇಕು. ಜೀವಂತ ಇಲಿಯನ್ನಷ್ಟೇ ತಿನ್ನುವ ಹಾವು, ಹಲ್ಲಿಯ ವಾಸನೆ ಹಚ್ಚಿದರೆ ಮಾತ್ರ ತಿನ್ನುವ ಮರಿ ಅನುಭವಸ್ಥರಿಗಿರಲಿ. ಸಾಧ್ಯವಾದರೆ ನಿಮ್ಮ ಎದುರೇ ತಿನ್ನಿಸಿ ತೋರಿಸಲು ಹೇಳಿ. ಒಳ್ಳೆಯ ಬ್ರೀಡರ್ ಇದಕ್ಕೆ ಬೇಸರಪಡುವುದಿಲ್ಲ. ದಾಖಲೆ ತೋರಿಸದೆ "ಚೆನ್ನಾಗಿ ತಿನ್ನುತ್ತೆ" ಎಂದಷ್ಟೇ ಹೇಳುವವರಿಂದ ಕೊಳ್ಳಬೇಡಿ.

ಆಮೇಲೆ ಮೈ. ಅಡ್ಡಕ್ಕೆ ನೋಡಿದರೆ ದುಂಡಗಿರಬೇಕು. ಬೆನ್ನೆಲುಬು ಎದ್ದು ತ್ರಿಕೋನದಂತೆ ಕಂಡರೆ ಹಾವು ಸೊರಗಿದೆ. ಬೆರಳುಗಳ ನಡುವೆ ಹರಿಯಲು ಬಿಟ್ಟು ಬೆನ್ನಿನುದ್ದಕ್ಕೂ ಗಂಟು, ಸೊಟ್ಟ ಇದೆಯೇ ನೋಡಿ. ಎರಡು ಕಣ್ಣೂ ತಿಳಿಯಾಗಿರಬೇಕು. ಎರಡೂ ಒಟ್ಟಿಗೆ ಹಾಲುಬಣ್ಣಕ್ಕೆ ತಿರುಗಿದ್ದರೆ ಅದು ಪೊರೆ ಬಿಡುವ ಹೊತ್ತು, ಕಾಯಿಲೆಯಲ್ಲ. ಒಂದೇ ಕಣ್ಣು ಮಬ್ಬಾಗಿದ್ದರೆ ಅನುಮಾನಿಸಿ. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ಉಸಿರಾಟದಲ್ಲಿ ಸಿಳ್ಳಿನ ಸದ್ದು, ಬಾಯಿ ತೆರೆದೇ ಇರುವುದು ಉಸಿರಾಟದ ಸೋಂಕಿನ ಲಕ್ಷಣಗಳು. ಮಲದ್ವಾರ ಒಣಗಿ ಶುಭ್ರವಾಗಿರಬೇಕು. ಬಾಲದ ತುದಿಯಲ್ಲಿ ಹಳೆಯ ಪೊರೆ ಉಂಗುರದಂತೆ ಅಂಟಿಕೊಂಡಿರಬಾರದು. ಗಲ್ಲದ ಕೆಳಗೆ, ಕಣ್ಣಿನ ಸುತ್ತ, ನೀರಿನ ಬಟ್ಟಲಿನಲ್ಲಿ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ ಕಂಡರೆ ಅವು ಮೈಟ್ ಎಂಬ ರಕ್ತ ಹೀರುವ ಸಣ್ಣ ಜೀವಿಗಳು. ಆ ಹಾವನ್ನಷ್ಟೇ ಅಲ್ಲ, ಆ ಮಳಿಗೆಯನ್ನೇ ಬಿಟ್ಟು ಬನ್ನಿ.

ಕೊನೆಗೆ ನಡತೆ. ಕೈಮೇಲೆ ಬಂದ ಹಾವು ಬೆರಳುಗಳನ್ನು ಹದವಾಗಿ ಅಪ್ಪಿ, ನಾಲಿಗೆ ಆಡಿಸುತ್ತ ಸಾಗಬೇಕು. ಕೈಯಲ್ಲಿ ಜೋತುಬಿದ್ದ ಹಾವು ಸಾಧುವೆಂದು ಹಲವರು ತಿಳಿಯುತ್ತಾರೆ. ಬಲವಿಲ್ಲದ ಹಾವು ಕಾಯಿಲೆಯ ಹಾವು. ಸ್ವಲ್ಪ ಅಂಜಿಕೆ, ಸ್ವಲ್ಪ ಚುರುಕು ಇರುವುದೇ ಒಳ್ಳೆಯದು.

ಬಿಳಿ, ಗುಲಾಬಿ, ಬೂದು ಬಣ್ಣದವು ಇವೆಯಲ್ಲ. ಯಾವುದು ಉತ್ತಮ?

ಸಾಕುವುದರಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವಿಲ್ಲ. ಈ ಬಣ್ಣಗಳ ಚರಿತ್ರೆ ಮಾತ್ರ ಸೊಗಸಾದದ್ದು. ಡಾ. ಬರ್ನಾರ್ಡ್ ಬೆಕ್ಟೆಲ್ ಮತ್ತು ಅವರ ಹೆಂಡತಿ ಎಲಿಜಬೆತ್ ಕಪ್ಪು ವರ್ಣವಿಲ್ಲದ ಒಂದು ಕಾರ್ನ್ ಸ್ನೇಕನ್ನು ಸಾಕಿ, ಮರಿ ಮಾಡಿಸಿ, ಆ ಗುಣ ಮೆಂಡಲ್ ಹೇಳಿದ ಅನುವಂಶೀಯತೆಯ ನಿಯಮದಂತೆಯೇ ಮರುತಲೆಮಾರಿಗೆ ಇಳಿಯುತ್ತದೆಂದು 1962ರಲ್ಲಿ ಪ್ರಕಟಿಸಿದರು. ಅದೇ ಇವತ್ತಿನ ಅಮೆಲನಿಸ್ಟಿಕ್. ಕೆಂಪು ವರ್ಣ ಇಲ್ಲದ್ದು ಅನೆರಿತ್ರಿಸ್ಟಿಕ್. ಎರಡೂ ಇಲ್ಲದ್ದು ಸ್ನೋ. ಸೌತ್ ಕೆರೊಲಿನಾದ ಜ್ಯಾಸ್ಪರ್ ಕೌಂಟಿಯ ಬೇಟೆಯ ಸೀಮೆಯಿಂದ ಹೆಸರು ಪಡೆದ ಓಕೀಟಿ ಯಾವ ವರ್ಣವನ್ನೂ ಕಳೆದುಕೊಳ್ಳದ ಹಾವು, ದಟ್ಟ ಕೆಂಪಿಗೆ ಅಗಲವಾದ ಕಪ್ಪು ಅಂಚು. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಎರಡು ಎಚ್ಚರಿಕೆ. ಸನ್‌ಕಿಸ್ಡ್ ಎಂಬ ಬಣ್ಣದ ವಂಶದ ಕೆಲವು ಹಾವುಗಳಲ್ಲಿ ಸ್ಟಾರ್‌ಗೇಜರ್ ಎಂಬ ನರದ ದೋಷ ಅಡಗಿರುತ್ತದೆ. ದೋಷ ಹೊತ್ತು ಹುಟ್ಟಿದ ಮರಿಯ ಕತ್ತು ಮೇಲಕ್ಕೆ ತಿರುಚಿಕೊಳ್ಳುತ್ತದೆ, ಸಮತೋಲ ಇರುವುದಿಲ್ಲ. ಅದಕ್ಕೆ ಜೀನ್ ಪರೀಕ್ಷೆ ಇದೆ, ತಂದೆ ತಾಯಿಯ ಪರೀಕ್ಷೆ ಆಗಿದೆಯೇ ಕೇಳಿ. ಇನ್ನು ಬೆನ್ನಿನ ಮೇಲೆ ಹುರುಪೆಯೇ ಇಲ್ಲದ ಸ್ಕೇಲ್‌ಲೆಸ್ ಹಾವುಗಳ ಚರ್ಮಕ್ಕೆ ಗಾಯವಾಗುವುದು ಸುಲಭ. ಮೊದಲ ಹಾವಾಗಿ ಬೇಡ.

ಗಂಡೋ ಹೆಣ್ಣೋ?

ಯಾವುದಾದರೂ ಸರಿ. ಗಂಡು ವಸಂತಕಾಲದಲ್ಲಿ ಕೆಲವು ವಾರ ಊಟ ಬಿಡಬಹುದು. ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಇಡಬಹುದು, ಅಪರೂಪಕ್ಕೆ ಅವು ಒಳಗೇ ಸಿಕ್ಕಿಕೊಂಡರೆ ವೈದ್ಯರ ಬಳಿ ಓಡಬೇಕಾಗುತ್ತದೆ.

ಒಂದಕ್ಕೆ ಬೇಜಾರಾಗುತ್ತದೆ, ಜೋಡಿ ತರೋಣವೇ?

ಬೇಡ. ಕಾರ್ನ್ ಸ್ನೇಕ್ ಒಂಟಿ ಜೀವಿ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನಿಟ್ಟರೆ ಊಟಕ್ಕೆ, ಬಿಸಿಗೆ ಪೈಪೋಟಿ. ಒಂದು ಇನ್ನೊಂದನ್ನು ನುಂಗಿದ್ದೂ ಉಂಟು.

ಹಾವು ಬರುವ ಮೊದಲು ಮನೆಯಲ್ಲಿ ಏನು ಸಿದ್ಧವಾಗಿರಬೇಕು?

ಹಾವಿಗಿಂತ ಅದರ ಮನೆಗೇ ಹೆಚ್ಚು ಖರ್ಚು. ಬೆಳೆದ ಹಾವಿಗೆ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲದ ಪೆಟ್ಟಿಗೆ ಇರಲಿ, ಅದು ಮೈಚಾಚಿ ಮಲಗುವಂತಿರಬೇಕು. ಬೆಚ್ಚಗಿನ ತುದಿಯಲ್ಲಿ 85ರಿಂದ 88 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 30 ಸೆಲ್ಸಿಯಸ್. ತಂಪಿನ ತುದಿಯಲ್ಲಿ 75 ಫ್ಯಾರನ್‌ಹೀಟ್‌ನ ಆಸುಪಾಸು. ಗಾಳಿಯ ತೇವಾಂಶ ಶೇಕಡಾ 40ರಿಂದ 60. ಎರಡೂ ತುದಿಯಲ್ಲಿ ಮೈಗೆ ತಾಗುವಷ್ಟು ಇಕ್ಕಟ್ಟಾದ ಒಂದೊಂದು ಅಡಗುತಾಣ, ಒಂದು ನೀರಿನ ಬಟ್ಟಲು, ಕೆಳಗೆ ಆಸ್ಪೆನ್ ಮರದ ಹೊಟ್ಟು. ಸೀಡರ್ ಹೊಟ್ಟು ಬೇಡವೇ ಬೇಡ, ಅದರ ಎಣ್ಣೆಯಂಶ ಹಾವಿಗೆ ವಿಷ.

ಹೀಟರ್ ಯಾವುದೇ ಇರಲಿ, ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹಾಕಬೇಡಿ. ಬಿಸಿ ಮಿತಿಮೀರಿದಾಗಲೂ ಹಾವು ಅದರ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಬಾಗಿಲಿಗೆ ಬೀಗ ಇರಲಿ. ಪೆಟ್ಟಿಗೆಯನ್ನು ಒಂದು ವಾರ ಮೊದಲೇ ಜೋಡಿಸಿ ತಾಪಮಾನ ಸ್ಥಿರವಾಗಿದೆಯೇ ನೋಡಿ, ಆಮೇಲೆ ಹಾವು ತನ್ನಿ.

ತಂದ ದಿನವೇ ಕೈಗೆತ್ತಿಕೊಳ್ಳಬಹುದಾ?

ಇಲ್ಲ. ಮಕ್ಕಳಿಗೆ ಇದು ಬಹಳ ಕಷ್ಟದ ಕಾಯುವಿಕೆ, ಗೊತ್ತು. ಮೊದಲ ವಾರ ಪೂರ್ತಿ ಬಿಟ್ಟುಬಿಡಿ. ನೀರು ಬದಲಿಸಿ, ಕೊಳೆ ತೆಗೆಯಿರಿ, ಅಷ್ಟೇ. ಏಳೆಂಟು ದಿನಕ್ಕೆ ಮೊದಲ ಊಟ ಕೊಡಿ. ಎರಡು ಮೂರು ಊಟ ತಿಂದು, ಕಕ್ಕದೆ ಅರಗಿಸಿಕೊಂಡ ಮೇಲೆ ಕೈಗೆತ್ತುವುದು ಶುರುವಾಗಲಿ. ಹೊಸ ಜಾಗಕ್ಕೆ ಬಂದ ಹಾವಿಗೆ ಅಡಗಿಕೊಂಡಾಗಲೇ ನೆಮ್ಮದಿ, ನೆಮ್ಮದಿಯಿದ್ದರೆ ಹಸಿವು. ನೆಂಟರಿಷ್ಟರನ್ನು ಕರೆದು ತೋರಿಸುವುದೂ ಆಮೇಲೆ.

ಕೈಗೆತ್ತುವುದು ಹೇಗೆ? ಹಂತ ಹಂತವಾಗಿ ಹೇಳಿ.

ಕೈ ತೊಳೆದು, ಬೆಚ್ಚಗೆ ಒರೆಸಿಕೊಳ್ಳಿ. ಇಲಿಯ, ನಾಯಿ ಬೆಕ್ಕಿನ ವಾಸನೆ ಇರಬಾರದು. ಉಂಗುರ, ಬಳೆ ತೆಗೆದಿಡಿ. ಹಾಸಿಗೆಯ ಮೇಲೋ ನೆಲದ ಮೇಲೋ ಕೂತು ಮಾಡುವ ಕೆಲಸ ಇದು, ನಿಂತು ಮಾಡುವುದಲ್ಲ. ಜಾರಿ ಬಿದ್ದರೆ ಹಾವಿನ ಪಕ್ಕೆಲುಬು ಮುರಿಯಬಹುದು.

ಪೆಟ್ಟಿಗೆ ತೆರೆದೊಡನೆ ಕೈ ಹಾಕಬೇಡಿ. ಸುತ್ತಿದ ಕಾಗದದಿಂದಲೋ ಹಾವಿನ ಕೊಕ್ಕೆಯಿಂದಲೋ ಅದರ ಮೈಯನ್ನು ಮೆಲ್ಲಗೆ ಒಮ್ಮೆ ಸವರಿ. ಬಾಗಿಲು ತೆರೆದಾಗಲೆಲ್ಲ ಇಲಿಯೇ ಬರುವುದಾದರೆ ಹಾವು ಕೈಯನ್ನೂ ಊಟವೆಂದೇ ತಿಳಿಯುತ್ತದೆ. ಈ ಸವರುವಿಕೆಯಿಂದ ಇವತ್ತು ಊಟವಿಲ್ಲ, ಕೈ ಬರುತ್ತದೆ ಎಂದು ಅದು ಕೆಲವೇ ವಾರಗಳಲ್ಲಿ ಕಲಿಯುತ್ತದೆ.

ಕೈ ಪಕ್ಕದಿಂದ ಬರಲಿ, ಮೇಲಿನಿಂದ ಅಲ್ಲ. ತಲೆಯ ಹತ್ತಿರವೂ ಬೇಡ, ಬಾಲದ ತುದಿಯೂ ಬೇಡ. ಮೈಯ ನಡುಭಾಗದ ಅಡಿಗೆ ಬೆರಳುಗಳನ್ನು ತೂರಿಸಿ, ಅನುಮಾನಿಸದೆ ಎತ್ತಿ. ಅಳುಕುತ್ತ ಮುಂದೆ ಹಿಂದೆ ಆಡುವ ಕೈ ಹಾವನ್ನು ಹೆಚ್ಚು ಹೆದರಿಸುತ್ತದೆ. ಇನ್ನೊಂದು ಕೈ ಹಿಂಭಾಗಕ್ಕೆ ಆಸರೆಯಾಗಲಿ. ಆಮೇಲೆ ಹಿಡಿತ ಸಡಿಲಿಸಿ. ಅದು ಮುಂದಕ್ಕೆ ಹರಿದಂತೆ ಒಂದು ಕೈಯ ಮುಂದೆ ಇನ್ನೊಂದು ಕೈ ಇಡುತ್ತ ಹೋಗಿ. ತಡೆಯಬೇಡಿ, ಎಳೆಯಬೇಡಿ, ತಲೆ ಸವರಬೇಡಿ. ಕುತ್ತಿಗೆಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಬೇಡಿ.

ಮೊದಲ ಕೆಲವು ಸಲ ಐದೇ ನಿಮಿಷ. ನಿಧಾನವಾಗಿ ಹದಿನೈದಕ್ಕೆ ಏರಿಸಿ, ವಾರಕ್ಕೆ ಎರಡು ಮೂರು ಸಲ ಸಾಕು. ಹಾವು ಶಾಂತವಾಗಿದ್ದಾಗಲೇ ಪೆಟ್ಟಿಗೆಗೆ ಮರಳಿಸಿ. ಅದು ಒದ್ದಾಡಿದ ಕೂಡಲೇ ಒಳಗಿಟ್ಟರೆ, ಒದ್ದಾಡಿದರೆ ಬಿಡುತ್ತಾರೆ ಎಂದು ಕಲಿಸಿದಂತೆ.

ಬಾಲ ಪಟಪಟ ಅಲುಗಿಸುತ್ತದೆ, ಕೊಳಕು ವಾಸನೆ ಬಿಡುತ್ತದೆ. ಸಿಟ್ಟಾ?

ಭಯ. ಕತ್ತನ್ನು ಎಸ್ ಆಕಾರಕ್ಕೆ ಮಡಿಸುವುದು, ಬಾಲ ನಡುಗಿಸುವುದು, ಹಿಂಬದಿಯಿಂದ ನಾತದ ದ್ರವ ಹರಿಸುವುದು, ಮೂರೂ "ದೂರ ಹೋಗು" ಎನ್ನುವ ಮಾತು. ಪೆಟ್ಟಿಗೆಯೊಳಗೇ ಹೀಗೆ ಮಾಡಿದರೆ ಅವತ್ತಿಗೆ ಬಿಟ್ಟುಬಿಡಿ. ಒಳಗೆ ಅಡಗಲು ಜಾಗ ಸಾಲದೇ ಇರಬಹುದು, ಎಲೆ, ತೊಗಟೆ ಸೇರಿಸಿ ನೋಡಿ. ಮೆಲ್ಲಗೆ ಸಾಗುತ್ತ, ನಾಲಿಗೆಯನ್ನು ನಿಧಾನವಾಗಿ ಆಡಿಸುತ್ತಿದ್ದರೆ ಹಾವು ನೆಮ್ಮದಿಯಲ್ಲಿದೆ.

ಕಚ್ಚಿದರೆ ಏನು ಮಾಡಬೇಕು?

ಮರಿಯ ಕಡಿತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ದೊಡ್ಡದು ಕಚ್ಚಿದರೆ ಸಣ್ಣ ಸಣ್ಣ ಚುಚ್ಚಿದ ಗುರುತು, ಸ್ವಲ್ಪ ರಕ್ತ. ಸೋಪು ನೀರಿನಲ್ಲಿ ತೊಳೆಯಿರಿ, ಕೆಂಪಾಗಿ ಊದಿದರೆ ವೈದ್ಯರಿಗೆ ತೋರಿಸಿ. ಊಟವೆಂದು ತಿಳಿದು ಬಿಡದೆ ಹಿಡಿದಿದ್ದರೆ ಕೈ ಕಿತ್ತುಕೊಳ್ಳಬೇಡಿ. ಅದರ ಹಲ್ಲು ಒಳಮುಖವಾಗಿ ಬಾಗಿರುತ್ತದೆ, ಕಿತ್ತರೆ ನಿಮಗೂ ಗಾಯ, ಅದರ ಹಲ್ಲೂ ಮುರಿಯುತ್ತದೆ. ತಣ್ಣೀರಿನ ನಲ್ಲಿಯಡಿ ಹಿಡಿದರೆ ಬಿಡುತ್ತದೆ.

ಯಾವಾಗ ಮುಟ್ಟಲೇಬಾರದು?

ಊಟವಾದ ಮೇಲೆ 48 ಗಂಟೆ. ಕಣ್ಣು ಹಾಲುಬಣ್ಣಕ್ಕೆ ತಿರುಗಿದ ದಿನದಿಂದ ಪೊರೆ ಪೂರ್ತಿ ಬಿಡುವವರೆಗೆ, ಆಗ ಅದಕ್ಕೆ ಸರಿಯಾಗಿ ಕಾಣಿಸದೆ ಅಂಜಿಕೆ ಜಾಸ್ತಿ. ಪೊರೆ ಒಂದೇ ತುಂಡಾಗಿ ಬರಬೇಕು. ತುಂಡು ತುಂಡಾದರೆ ತೇವಾಂಶ ಸಾಲದು, ಒದ್ದೆ ಪಾಚಿ ತುಂಬಿದ ಡಬ್ಬಿಯೊಂದನ್ನು ಒಳಗಿಡಿ. ಕಣ್ಣಿನ ಮೇಲೆ ಉಳಿದ ಪೊರೆಯನ್ನು ನೀವೇ ಕೀಳಬೇಡಿ.

ನಮ್ಮನ್ನು ಗುರುತಿಸುತ್ತದಾ? ಪ್ರೀತಿ ಇರುತ್ತದಾ?

ನಾಯಿಯ ಪ್ರೀತಿಯನ್ನು ಇದರಿಂದ ಬಯಸಬೇಡಿ. ನಿಮ್ಮ ವಾಸನೆ ಅದಕ್ಕೆ ಪರಿಚಿತವಾಗುತ್ತದೆ, ನಿಮ್ಮ ಕೈಯಿಂದ ಅಪಾಯವಿಲ್ಲವೆಂದು ತಿಳಿಯುತ್ತದೆ. ಎಲ್ಲದಕ್ಕೂ ಹೆದರುವ ಒಂದು ಜೀವ ನಿಮ್ಮ ಅಂಗೈ ಮೇಲೆ ಹೆದರದೆ ಹರಿಯುವುದನ್ನು ನಾನಂತೂ ದೊಡ್ಡ ಸಂಗತಿ ಎಂದೇ ನಂಬಿದ್ದೇನೆ.

ಊಟ ಎಷ್ಟು, ಎಷ್ಟು ದಿನಕ್ಕೊಮ್ಮೆ?

ಮರಿಗೆ ಐದರಿಂದ ಏಳು ದಿನಕ್ಕೊಂದು ಪಿಂಕಿ, ಅಂದರೆ ಕೂದಲು ಬಾರದ ಇಲಿಮರಿ. ಬೆಳೆದ ಹಾವಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು ದೊಡ್ಡ ಇಲಿ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ, ಹೆಚ್ಚೆಂದರೆ ಅದರ ಒಂದೂವರೆಯಷ್ಟು ಇಲಿಯ ದಪ್ಪ ಇರಲಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಿಂದ ಕೊಡಿ. ಮೈಕ್ರೋವೇವ್ ಬೇಡ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡಬಲ್ಲದು.

ಹತ್ತು ದಿನದಿಂದ ತಿಂದಿಲ್ಲ!

ಮೊದಲು ಪೆಟ್ಟಿಗೆಯ ಥರ್ಮಾಮೀಟರ್ ನೋಡಿ. ಪೊರೆ ಬಿಡುವ ಸಮಯವೇ, ಚಳಿಗಾಲವೇ, ಗಂಡು ಹಾವಿನ ವಸಂತವೇ ಯೋಚಿಸಿ. ಬೆಳೆದ ಹಾವು ಕೆಲವು ವಾರ ಉಪವಾಸವಿದ್ದರೂ ತೂಕ ಇಳಿಯದಿದ್ದರೆ ಚಿಂತೆ ಬೇಡ, ಅಡುಗೆಮನೆಯ ತಕ್ಕಡಿಯಂಥದ್ದನ್ನೇ ಬೇರೆ ಕೊಂಡು ತೂಕ ಬರೆದಿಡಿ. ಮರಿ ಸತತ ಮೂರು ನಾಲ್ಕು ಊಟ ಬಿಟ್ಟರೆ ಮಾತ್ರ ವೈದ್ಯರನ್ನು ಕೇಳಿ. ತಿಂದದ್ದನ್ನು ಕಕ್ಕಿದರೆ ಎರಡು ವಾರ ಏನೂ ಕೊಡದೆ, ಆಮೇಲೆ ಚಿಕ್ಕದೊಂದು ಕೊಡಿ. ಮತ್ತೆ ಕಕ್ಕಿದರೆ ತಡಮಾಡಬೇಡಿ.

ವೈದ್ಯರೆಂದರೆ ಸರೀಸೃಪ ನೋಡುವವರು. ನಾಯಿ ಬೆಕ್ಕಿನ ವೈದ್ಯರೆಲ್ಲ ಹಾವು ನೋಡುವುದಿಲ್ಲ. ಸರೀಸೃಪ ಮತ್ತು ಉಭಯವಾಸಿ ವೈದ್ಯರ ಸಂಘವಾದ ಎಆರ್‌ಎವಿಯ ಜಾಲತಾಣದಲ್ಲಿ ನಿಮ್ಮ ಹತ್ತಿರದವರ ವಿಳಾಸ ಸಿಗುತ್ತದೆ. ಹಾವು ತರುವ ಮೊದಲೇ ಹುಡುಕಿಟ್ಟುಕೊಳ್ಳಿ.

ಪೆಟ್ಟಿಗೆ ಖಾಲಿ! ತಪ್ಪಿಸಿಕೊಂಡಿದೆ, ಏನು ಮಾಡಲಿ?

ಕೋಣೆಯ ಬಾಗಿಲು ಮುಚ್ಚಿ, ಅಡಿಯ ಸಂದಿಗೆ ಟವೆಲ್ ತುರುಕಿ. ನಾಯಿ ಬೆಕ್ಕನ್ನು ಬೇರೆ ಕಡೆ ಕಟ್ಟಿಹಾಕಿ. ಮೊದಮೊದಲು ಪೆಟ್ಟಿಗೆಯ ಹತ್ತಿರವೇ ಹುಡುಕಿ. ಬೆಚ್ಚಗಿನ, ಇಕ್ಕಟ್ಟಿನ ಜಾಗ ಅದಕ್ಕಿಷ್ಟ. ಪುಸ್ತಕಗಳ ಹಿಂದೆ, ಸೋಫಾದ ಒಳಗೆ, ಫ್ರಿಜ್ಜಿನ ಮೋಟರ್ ಪಕ್ಕ ನೋಡಿ. ಗೋಡೆಯಂಚಿಗೆ ಮೈದಾ ಉದುರಿಸಿಟ್ಟರೆ ಯಾವ ಕಡೆ ಹರಿದಿದೆ ಗೊತ್ತಾಗುತ್ತದೆ. ದೀಪ ಆರಿಸಿ ರಾತ್ರಿ ಟಾರ್ಚ್ ಹಿಡಿದು ಕಾಯಿರಿ, ಕತ್ತಲಾದ ಮೇಲೆ ಅದರ ಓಡಾಟ ಹೆಚ್ಚು. ವಾರಗಳ ನಂತರ ಆರೋಗ್ಯವಾಗಿ ಸಿಕ್ಕಿದ ಹಾವುಗಳಿವೆ, ಹುಡುಕುವುದು ಬಿಡಬೇಡಿ.

ಡಿಸೆಂಬರ್‌ನಲ್ಲಿ ಒಂದು ತಿಂಗಳು ಊರಿಗೆ ಹೋಗುತ್ತೇವೆ. ಹಾವು?

ಈ ವಿಷಯದಲ್ಲಿ ಹಾವು ನಾಯಿಗಿಂತ ಅನುಕೂಲ. ಬೆಳೆದ ಆರೋಗ್ಯವಂತ ಹಾವಿಗೆ ಹೊರಡುವ ನಾಲ್ಕೈದು ದಿನ ಮೊದಲು ಊಟ ಕೊಟ್ಟು ಹೋಗಿ. ಸ್ನೇಹಿತರೊಬ್ಬರು ವಾರಕ್ಕೆ ಎರಡು ಸಲ ಬಂದು ನೀರು ಬದಲಿಸಿ, ಥರ್ಮೋಸ್ಟಾಟ್ ನೋಡಿ, ಬೀಗ ಪರೀಕ್ಷಿಸಿದರೆ ಸಾಕು. ಒಂದು ಊಟ ತಪ್ಪಿದರೆ ಪರವಾಗಿಲ್ಲ, ಅನುಭವವಿಲ್ಲದವರಿಂದ ತಿನ್ನಿಸುವುದು ಬೇಡ. ಮರಿಯಾದರೆ ಈ ಲೆಕ್ಕ ನಡೆಯದು, ಹಾವು ಸಾಕಿ ಬಲ್ಲವರ ಮನೆಯಲ್ಲೇ ಬಿಟ್ಟುಹೋಗಿ. ಚಳಿಗಾಲದಲ್ಲಿ ಮನೆಯ ಹೀಟಿಂಗ್ ಪೂರ್ತಿ ಆರಿಸಿ ಹೋಗಬೇಡಿ.

ಖಾಯಂ ಆಗಿ ಇಂಡಿಯಾಕ್ಕೆ ವಾಪಸಾಗುತ್ತಿದ್ದೇವೆ. ಜೊತೆಗೆ ಒಯ್ಯಬಹುದಾ? ಇಲ್ಲೇ ಕಾಡಿಗೆ ಬಿಡೋಣವೇ?

ಒಯ್ಯಲು ಆಗುವುದಿಲ್ಲ ಎಂದೇ ತಿಳಿಯಿರಿ. ಕಾಡಿಗಂತೂ ಬಿಡಲೇಬೇಡಿ. ಇದು ಕಾರ್ನ್ ಸ್ನೇಕಿನ ಸ್ವಂತ ನೆಲವೇ ಆದರೂ, ಪೆಟ್ಟಿಗೆಯಲ್ಲಿ ಬೆಳೆದ ಹಾವು ತನ್ನೊಳಗಿನ ಸೋಂಕನ್ನು ಕಾಡಿನ ಹಾವುಗಳಿಗೆ ಹರಡಬಲ್ಲದು. ಬಿಳಿಯದೋ ಗುಲಾಬಿಯದೋ ಆದರೆ ಮೊದಲ ಗಿಡುಗನ ಕಣ್ಣಿಗೇ ಬೀಳುತ್ತದೆ. ಬೇರೆ ನೆಲದಲ್ಲಿ ಬಿಟ್ಟರೆ ಅಲ್ಲಿನ ಜೀವಿಗಳಿಗೆ ಕುತ್ತು, ಕೆರಿಬಿಯನ್ ದ್ವೀಪಗಳಲ್ಲಿ ಹೀಗೆ ನೆಲೆಯೂರಿದ ಕಾರ್ನ್ ಸ್ನೇಕ್‌ಗಳಿವೆ.

ವಿಮಾನದ ಟಿಕೆಟ್ ತೆಗೆಸುವ ಹೊತ್ತಿಗೇ ಹೊಸ ಮನೆ ಹುಡುಕಲು ಶುರು ಮಾಡಿ, ಮೂರು ನಾಲ್ಕು ತಿಂಗಳು ಬೇಕಾಗಬಹುದು. ಕೊಂಡ ಬ್ರೀಡರನ್ನೇ ಮೊದಲು ಕೇಳಿ, ಕೆಲವರು ಮರಳಿ ತೆಗೆದುಕೊಳ್ಳುತ್ತಾರೆ. ಆಮೇಲೆ ನಿಮ್ಮ ರಾಜ್ಯದ ಸರೀಸೃಪ ಸಂಘ. ಪೆಟ್ಟಿಗೆ, ಥರ್ಮೋಸ್ಟಾಟ್, ಉಳಿದ ಇಲಿಯ ಪ್ಯಾಕೆಟ್ ಎಲ್ಲವನ್ನೂ ಹಾವಿನ ಜೊತೆಗೇ ಕೊಟ್ಟುಬಿಡಿ. ಹಾವನ್ನು ಪಡೆಯುವವರ ಬಳಿ ಅವೆಲ್ಲ ಇಲ್ಲದಿದ್ದರೆ ಹಾವು ಮತ್ತೊಮ್ಮೆ ಪ್ಲಾಸ್ಟಿಕ್ ಡಬ್ಬಿಗೆ ಬೀಳುತ್ತದೆ.